ಕೂಡಿ ಉಣ್ಣುವ ಮೇಜು

ಹಸಿವು ಎಲ್ಲ ಜೀವಿಗಳಿಗೂ ಸಮಾನವಾದುದು. ಆಹಾರವನ್ನು ಹುಡುಕುವುದು, ತಿನ್ನುವುದು, ಮರಿಗಳಿಗೆ ಉಣಿಸುವುದು ಪ್ರಾಣಿಪಕ್ಷಿಗಳಿಗೂ ತಿಳಿದಿದೆ. ಆದರೆ ಅಡುಗೆಯನ್ನು ಮಾಡಿ, ಬರಬೇಕಾದವರೆಲ್ಲರೂ ಬರುವವರೆಗೆ ಕಾದು, ಇದ್ದುದನ್ನು ಹಂಚಿ, ಮಾತನಾಡುತ್ತ ಉಣ್ಣುವವನು ಮನುಷ್ಯನೊಬ್ಬನೇ. ಆದುದರಿಂದ ಒಂದು ಜನಾಂಗದ ಸಂಸ್ಕೃತಿಯನ್ನು ಅರಿಯಬೇಕಾದರೆ ಅದರ ಗುಡಿಗೋಪುರಗಳನ್ನೂ ಕಾವ್ಯಗಳನ್ನೂ ನೋಡಿದರೆ ಸಾಲದು. ಆ ಜನರು ಊಟಕ್ಕೆ ಹೇಗೆ ಕುಳಿತುಕೊಳ್ಳುತ್ತಾರೆ, ತಮ್ಮ ಜೊತೆಯಲ್ಲಿ ಯಾರನ್ನು ಕುಳ್ಳಿರಿಸಿಕೊಳ್ಳುತ್ತಾರೆ ಎಂಬುದನ್ನೂ ನೋಡಬೇಕು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಇಲ್ಲಿಯ ರೈತನು ಆಕಾಶವನ್ನು ನಂಬಿ ಶೇಂಗಾ, ರಾಗಿ, ಸಜ್ಜೆ, ನವಣೆ, ತೊಗರಿ, ಹುರುಳಿಗಳನ್ನು ಬೆಳೆಯುತ್ತಾನೆ. ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎಣ್ಣೆಯ ನಗರ’ವೆಂಬ ಹೆಸರೇ ಬಂದಿತು. ಮೊಳಕಾಲ್ಮೂರು ತನ್ನ ರೇಷ್ಮೆಸೀರೆಗಳಿಗೆ ಪ್ರಸಿದ್ಧವಾಯಿತು. ಮಳೆ ಬಂದ ವರ್ಷ ಕಣ ತುಂಬುತ್ತದೆ. ಬಾರದ ವರ್ಷ ಬಿತ್ತಿದ ಬೀಜವೂ ಕೈಗೆ ಬರುವುದಿಲ್ಲ. ಇಂತಹ ನಾಡಿನಲ್ಲಿ ಹಂಚಿಕೊಂಡು ಉಣ್ಣುವುದು ಬರಿಯ ಶಿಷ್ಟಾಚಾರವಲ್ಲ. ಅದು ಬದುಕುವ ಉಪಾಯವೂ ಹೌದು.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಹಿಂದಿನಿಂದ ಬಂದದ್ದು. ಇಂದು ನಾನು ನಿನ್ನ ಹೊಲದಲ್ಲಿ ದುಡಿದರೆ ನಾಳೆ ನೀನು ನನ್ನ ಹೊಲದಲ್ಲಿ ದುಡಿಯಬೇಕು. ಶೇಂಗಾ ಕೀಳುವ ಕಾಲದಲ್ಲಿ ನಡುಹಗಲಿಗೆ ಎಲ್ಲರೂ ಮರದ ನೆರಳಿಗೆ ಬಂದು ಬುತ್ತಿಯ ಗಂಟನ್ನು ಬಿಚ್ಚುತ್ತಾರೆ. ಒಬ್ಬರ ಬುತ್ತಿಯಲ್ಲಿ ಮುದ್ದೆ ಮತ್ತು ಹುರುಳಿಯ ಸಾರು, ಇನ್ನೊಬ್ಬರದರಲ್ಲಿ ಸಜ್ಜೆಯ ರೊಟ್ಟಿ ಮತ್ತು ಶೇಂಗಾ ಚಟ್ನಿ, ಮತ್ತೊಬ್ಬರದರಲ್ಲಿ ಬರಿಯ ಈರುಳ್ಳಿ, ಹಸಿಮೆಣಸಿನಕಾಯಿ. ಬುತ್ತಿಗಳು ಕೈಯಿಂದ ಕೈಗೆ ಸಾಗಿದ ಮೇಲೆ ಬಡವನ ಊಟವೂ ನಾಲ್ಕು ಬಗೆಯ ಊಟವಾಗುತ್ತದೆ. ಸಂತೆಯ ದಿನ ಗೆಳೆಯರು ಒಂದೇ ಕಾಗದದ ಮೇಲೆ ಮಂಡಕ್ಕಿಯನ್ನು ಸುರಿದುಕೊಂಡು, ಮೆಣಸಿನಕಾಯಿ ಬಜ್ಜಿಯನ್ನು ನಡುವೆ ಇಟ್ಟುಕೊಂಡು ತಿನ್ನುವುದರಲ್ಲಿಯೂ ಇದೇ ಸುಖವಿದೆ.

ಇಂತಹ ಊಟವನ್ನು ಹೋಟೆಲಿನ ಮೇಜಿನ ಮೇಲೆಯೇ ಒಂದು ಕ್ರಮವನ್ನಾಗಿ ಬೆಳೆಸಿಕೊಂಡ ಜನರು ದೂರದ ತೈವಾನಿನಲ್ಲಿದ್ದಾರೆ. ತೈವಾನ್ ಚೀನಾದ ಆಗ್ನೇಯ ಕರಾವಳಿಯ ಎದುರಿಗಿರುವ ಒಂದು ದ್ವೀಪ. ಅದರ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈಗ ಆ ನಾಡು ನಮಗೆ ಹೆಸರು ಮಾತ್ರವಾಗಿ ಉಳಿದಿಲ್ಲ. ತೈವಾನಿನ ಫಾಕ್ಸ್‌ಕಾನ್ ಸಂಸ್ಥೆಯು ದೇವನಹಳ್ಳಿಯ ಬಳಿ ಕಾರ್ಖಾನೆಯನ್ನು ಸ್ಥಾಪಿಸಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಇಲ್ಲಿಯ ಹುಡುಗನೋ ಹುಡುಗಿಯೋ ನಾಳೆ ಓದಿಗಾಗಿ ಅಥವಾ ಉದ್ಯೋಗಕ್ಕಾಗಿ ಪರದೇಶದ ಗೆಳೆಯರೊಡನೆ ಅಂತಹ ಮೇಜಿಗೆ ಕುಳಿತುಕೊಳ್ಳಬೇಕಾದೀತು.

ತೈವಾನಿನಲ್ಲಿ ಗೆಳೆಯರು ಕೂಡಿ ಉಣ್ಣುವ ದೊಡ್ಡ ಹೋಟೆಲುಗಳಲ್ಲಿ ಮೇಜು ಸಾಮಾನ್ಯವಾಗಿ ದುಂಡಾಗಿರುತ್ತದೆ. ದುಂಡು ಮೇಜಿಗೆ ತಲೆಯೂ ಇಲ್ಲ, ಕೊನೆಯೂ ಇಲ್ಲ. ನಡುವೆ ತಿರುಗುವ ಗಾಜಿನ ಹಲಗೆಯೊಂದಿರುತ್ತದೆ. ಅದರ ಮೇಲೆ ಹತ್ತಾರು ತಿನಿಸುಗಳನ್ನು ತಂದಿಡುತ್ತಾರೆ. ಪ್ರತಿಯೊಬ್ಬರ ಮುಂದೆ ಅನ್ನದ ಬಟ್ಟಲು ಮತ್ತು ಒಂದು ಜೊತೆ ಕಡ್ಡಿಗಳು ಇರುತ್ತವೆ. ‘ಇದು ನನ್ನ ತಿನಿಸು, ಅದು ನಿನ್ನ ತಿನಿಸು’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಹಲಗೆಯನ್ನು ತಿರುಗಿಸುವವನು ಬೇರೊಬ್ಬರು ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ನೋಡಬೇಕು. ಹಿರಿಯರು ಆರಂಭಿಸಿದ ಬಳಿಕ ಉಳಿದವರು ತೊಡಗುತ್ತಾರೆ. ಒಳ್ಳೆಯ ತುಂಡನ್ನು ತಾನು ತೆಗೆದುಕೊಳ್ಳದೆ ಪಕ್ಕದವರ ಬಟ್ಟಲಿಗೆ ಹಾಕುವುದು ಆದರದ ಗುರುತು. ತಟ್ಟೆಯಲ್ಲಿ ಕೊನೆಯ ತುಂಡು ಉಳಿದಾಗ ಎಲ್ಲರೂ ಹಿಂಜರಿಯುತ್ತಾರೆ. ಅದಕ್ಕೆ ಕೈಹಾಕುವ ಮೊದಲು ‘ನೀವು ತೆಗೆದುಕೊಳ್ಳಿ’ ಎನ್ನುವ ಉಪಚಾರ ನಡೆಯುತ್ತದೆ.

ಆ ಮೇಜಿನ ಮೇಲೆ ಚಳ್ಳಕೆರೆಯವರಿಗೆ ಪರಿಚಿತವಾದ ಪದಾರ್ಥವೂ ಉಂಟು. ‘ಗುವಾಬಾವ್’ ಎಂಬುದು ತೈವಾನಿನ ಹೆಸರಾದ ತಿನಿಸು. ಆವಿಯಲ್ಲಿ ಬೇಯಿಸಿದ ಮೆತ್ತನೆಯ ಹಿಟ್ಟಿನ ಮಡಿಕೆಯಲ್ಲಿ ಹಂದಿಯ ಮಾಂಸ, ಹುಳಿಯೇರಿಸಿದ ಸಾಸಿವೆಸೊಪ್ಪು, ಕೊತ್ತಂಬರಿಗಳನ್ನು ಇಟ್ಟು ಮೇಲೆ ಸಕ್ಕರೆ ಬೆರೆಸಿದ ಶೇಂಗಾಪುಡಿಯನ್ನು ಉದುರಿಸುತ್ತಾರೆ. ದಕ್ಷಿಣ ಅಮೆರಿಕಾದಲ್ಲಿ ಹುಟ್ಟಿದ ಶೇಂಗಾ ಸಮುದ್ರಗಳನ್ನು ದಾಟಿ ಆ ದ್ವೀಪವನ್ನೂ ನಮ್ಮ ಬಯಲನ್ನೂ ಸೇರಿತು. ನವಣೆಯ ಸಂಬಂಧ ಇನ್ನೂ ಹಳೆಯದು. ದಕ್ಷಿಣ ತೈವಾನಿನ ತೈನಾನ್ ಬಳಿ ನಡೆದ ಉತ್ಖನನದಲ್ಲಿ 4,000 ವರ್ಷಗಳಿಗಿಂತಲೂ ಹಿಂದಿನ, ಸುಟ್ಟು ಕಪ್ಪಾದ ನವಣೆಯ ಕಾಳುಗಳು ದೊರೆತಿವೆ. ಅಲ್ಲಿಯ ಮೂಲನಿವಾಸಿಗಳಾದ ಬುನುನ್, ಪೈವಾನ್ ಮೊದಲಾದ ಜನರು ಇಂದಿಗೂ ನವಣೆಯ ಸುಗ್ಗಿಯನ್ನು ಹಬ್ಬವಾಗಿ ಆಚರಿಸುತ್ತಾರೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಗೌರವ ಪಡೆದ ಧಾನ್ಯಗಳಲ್ಲಿ ಈ ನವಣೆಯೂ ಒಂದು.

ಆದರೆ ಒಂದೇ ಮೇಜಿಗೆ ಕುಳಿತವರೆಲ್ಲರೂ ಒಂದೇ ಬಗೆಯ ಆಹಾರವನ್ನು ತಿನ್ನಲೇಬೇಕೆ? ತಿನ್ನಬೇಕಾಗಿಲ್ಲ. ಮೊಳಕಾಲ್ಮೂರು, ಚಳ್ಳಕೆರೆಗಳ ಮ್ಯಾಸನಾಯಕ ಸಮುದಾಯದಲ್ಲಿ ಕೋಳಿಯನ್ನು ತಿನ್ನಬಾರದೆಂಬ ಕಟ್ಟು ಪರಂಪರೆಯಿಂದ ಬಂದಿದೆ. ಅವರು ದೇವರ ಎತ್ತುಗಳನ್ನು ಭಕ್ತಿಯಿಂದ ಸಾಕುತ್ತಾರೆ. ತೈವಾನಿನಲ್ಲಿಯೂ ಹಳೆಯ ಒಕ್ಕಲು ಮನೆತನಗಳ ಅನೇಕರು ಹೊಲವನ್ನು ಉತ್ತ ಎತ್ತಿನ ಋಣವನ್ನು ನೆನೆದು ದನದ ಮಾಂಸವನ್ನು ತಿನ್ನುತ್ತಿರಲಿಲ್ಲ. ಬೌದ್ಧಧರ್ಮದ ಪ್ರಭಾವದಿಂದ ಅಲ್ಲಿ ಸಸ್ಯಾಹಾರದ ಹೋಟೆಲುಗಳೂ ಬಹಳವಾಗಿವೆ. ಹೀಗಿರುವಾಗ ಸಸ್ಯಾಹಾರಿಯೊಬ್ಬನು, ಕೋಳಿಯನ್ನು ತಿನ್ನದವನೊಬ್ಬನು, ಎಲ್ಲವನ್ನೂ ತಿನ್ನುವವನೊಬ್ಬನು ಒಂದೇ ಮೇಜಿಗೆ ಬಂದರೆ ಮಾಡಬೇಕಾದುದೇನು? ತಿನಿಸುಗಳನ್ನು ಹೇಳುವ ಮೊದಲು ಪ್ರತಿಯೊಬ್ಬರ ನಿಯಮವನ್ನೂ ಕೇಳಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಸಲ್ಲುವ ತಿನಿಸನ್ನು ತರಿಸಬೇಕು. ತಿನ್ನದವನನ್ನು ಒತ್ತಾಯಪಡಿಸಲೂ ಬಾರದು, ತಿನ್ನುವವನನ್ನು ಹಳಿಯಲೂ ಬಾರದು. ನಿಯಮಗಳು ಬೇರೆಯಾದರೂ ಮೇಜು ಬೇರೆಯಾಗಬೇಕಾಗಿಲ್ಲ.

ಇನ್ನೊಂದು ಸಂದೇಹವೂ ಬರಬಹುದು. ಎಲ್ಲರೂ ಒಂದೇ ತಟ್ಟೆಗೆ ಕಡ್ಡಿಗಳನ್ನು ಚಾಚಿದರೆ ಅದು ಎಂಜಲಾಗುವುದಿಲ್ಲವೆ? ನಮ್ಮಲ್ಲಿ ಎಂಜಲಿನ ವಿಚಾರ ಬಲವಾದುದು. ಅದರಲ್ಲಿ ಆರೋಗ್ಯದ ತಿಳಿವಳಿಕೆಯೂ ಅಡಗಿದೆ. 2003ರಲ್ಲಿ ಸಾರ್ಸ್ ಎಂಬ ರೋಗವು ತೈವಾನಿನಲ್ಲಿ ಹರಡಿದಾಗ ಅಲ್ಲಿಯೂ ಬಡಿಸಿಕೊಳ್ಳುವ ಕಡ್ಡಿಗಳನ್ನು, ಸೌಟುಗಳನ್ನು ಬೇರೆಯಾಗಿ ಇಡುವ ಪದ್ಧತಿಗೆ ಹೆಚ್ಚಿನ ಮಹತ್ತ್ವ ಬಂದಿತು. ಅವರು ರೋಗವನ್ನು ದೂರವಿಟ್ಟರು, ಗೆಳೆಯನನ್ನು ದೂರವಿಡಲಿಲ್ಲ. ಶುಚಿತ್ವಕ್ಕೂ ಮೈಲಿಗೆಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗುತ್ತದೆ. ಶುಚಿತ್ವವು ಕೈಯನ್ನು ತೊಳೆಯಲು ಹೇಳುತ್ತದೆ. ಆ ಕೈ ಯಾರದೆಂದು ಕೇಳುವುದಿಲ್ಲ. ಮೈಲಿಗೆಯು ತೊಳೆದ ಕೈಯನ್ನೂ ಹುಟ್ಟಿನ ಕಾರಣದಿಂದ ಹೊರಗಿಡುತ್ತದೆ.

ಈ ಮೈಲಿಗೆಯೇ ನಮ್ಮ ನಾಡಿನ ಊಟದ ಪಂಕ್ತಿಯನ್ನು ಬಹುಕಾಲ ಒಡೆದಿತ್ತು. ಬುತ್ತಿಯನ್ನು ಹಂಚಿಕೊಂಡ ಮರದ ನೆರಳಿನಲ್ಲಿಯೂ ಕೆಲವರು ದೂರ ಕುಳಿತುಕೊಳ್ಳಬೇಕಾಗಿತ್ತು. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗಾಗಿ ಬೇರೆಯ ಲೋಟಗಳನ್ನು ಇಡುತ್ತಿದ್ದರು. ಇದನ್ನು ಎದುರಿಸಿದವರೂ ಇದ್ದರು. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಸಾರಿದರು. 1917ರಲ್ಲಿ ಕೇರಳದ ಚೆರಾಯಿ ಎಂಬಲ್ಲಿ ಸಹೋದರನ್ ಅಯ್ಯಪ್ಪನ್ ಅವರು ಬೇರೆ ಬೇರೆ ಜಾತಿಯವರನ್ನು ಒಟ್ಟಿಗೆ ಕುಳ್ಳಿರಿಸಿ ಮಿಶ್ರಭೋಜನವನ್ನು ನಡೆಸಿದರು. ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನೂ ಅನುಭವಿಸಿದರು. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನವು 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಂಗಡಿ, ಹೋಟೆಲು, ಸಾರ್ವಜನಿಕ ಭೋಜನಾಲಯಗಳಿಗೆ ಜಾತಿಯ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಲಾಗದೆಂದು 15ನೆಯ ಅನುಚ್ಛೇದವು ವಿಧಿಸಿತು.

ಕಾನೂನು ಬಾಗಿಲನ್ನು ತೆರೆಯಬಲ್ಲುದು. ಪಕ್ಕದಲ್ಲಿ ಕುಳಿತುಕೊಳ್ಳುವ ಮನಸ್ಸನ್ನು ಮನುಷ್ಯನೇ ಬೆಳೆಸಿಕೊಳ್ಳಬೇಕು. ಆ ಅಭ್ಯಾಸಕ್ಕೆ ಶಾಲೆಗಿಂತ ಒಳ್ಳೆಯ ಸ್ಥಳವಿಲ್ಲ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಆಹಾರವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆದೇಶಿಸಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ವರ್ಗದವರಿಗೆ ಆದ್ಯತೆ ಇರಬೇಕೆಂದು 2004ರಲ್ಲಿ ಸೂಚಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ವು 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಎಲ್ಲೆಡೆಗೂ ವ್ಯಾಪಿಸಿ, ಪ್ರೌಢಶಾಲೆಗಳನ್ನೂ ತಲುಪಿತು. ನಿಮ್ಮಲ್ಲಿ ಅನೇಕರು ದಿನವೂ ಆ ಊಟದ ಸಾಲಿನಲ್ಲಿ ಕುಳಿತುಕೊಳ್ಳುತ್ತೀರಿ. ಅಲ್ಲಿ ಯಾರು ಬೇಯಿಸಿದರೆಂದು ಕೇಳದೆ ಉಣ್ಣುವ ಹುಡುಗನು, ಒಂಟಿಯಾಗಿ ಕುಳಿತ ಗೆಳತಿಯನ್ನು ಪಕ್ಕಕ್ಕೆ ಕರೆಯುವ ಹುಡುಗಿಯು ಸಂವಿಧಾನದ ಮಾತನ್ನು ಕಾಗದದಿಂದ ನೆಲಕ್ಕೆ ಇಳಿಸುತ್ತಾರೆ.

ಕೂಡಿ ಉಣ್ಣುವ ಕಲೆಗೆ ಬೆಲೆಬಾಳುವ ತಿನಿಸಾಗಲಿ, ದೊಡ್ಡ ಹೋಟೆಲಾಗಲಿ ಬೇಕಾಗಿಲ್ಲ. ತನ್ನ ತಟ್ಟೆಯನ್ನು ತುಂಬಿಸಿಕೊಳ್ಳುವ ಮೊದಲು ಇತರರ ತಟ್ಟೆಗಳನ್ನು ನೋಡುವ ಕಣ್ಣು ಬೇಕು. ಇತರರ ನಿಯಮವನ್ನು ಮನ್ನಿಸುವ ತಾಳ್ಮೆ ಬೇಕು. ಪಂಕ್ತಿಯಲ್ಲಿ ಇನ್ನೂ ಯಾರು ಬಂದಿಲ್ಲವೆಂದು ವಿಚಾರಿಸುವ ಹೃದಯ ಬೇಕು. ಇವುಗಳನ್ನು ಇಲ್ಲಿ ರೂಢಿಸಿಕೊಂಡವನು ತೈವಾನಿನ ದುಂಡು ಮೇಜಿಗೆ ಹೋದರೂ ಪರಕೀಯನಾಗಲಾರನು. ಕಡ್ಡಿಗಳನ್ನು ಹಿಡಿಯುವುದನ್ನು ಅವನು ಒಂದು ಸಂಜೆಯಲ್ಲಿ ಕಲಿತಾನು. ಹಂಚಿ ಉಣ್ಣುವುದನ್ನು ಅವನಿಗೆ ಅಲ್ಲಿ ಯಾರೂ ಕಲಿಸಬೇಕಾಗುವುದಿಲ್ಲ.