ಹಲ್ಲುಜ್ಜುವಾಗ ರಕ್ತ ಬಂದರೆ ಬ್ರಷ್ ನಿಲ್ಲಿಸಬೇಕೇ?

ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡ್ರಿ. "ಎರಡು ದಿನ ಬ್ರಷ್ ಬಿಡಬೇಕು, ಗಾಯ ಮಾಯಲಿ" ಅನ್ನುವವರೇ ಹೆಚ್ಚು ಸಿಗುತ್ತಾರೆ. ಕೈಗೆ ಗಾಯವಾದರೆ ಆ ಜಾಗ ಮುಟ್ಟಬಾರದು ಅಂತ ಮನೆಯಲ್ಲಿ ಅವ್ವ ಹೇಳಿರ್ತಾಳಲ್ಲ, ಅದೇ ತರ್ಕವನ್ನು ನಾವು ಬಾಯಿಗೂ ಹಚ್ಚುತ್ತೇವೆ. ವಸಡಿನ ವಿಷಯದಲ್ಲಿ ಮಾತ್ರ ಈ ತರ್ಕ ಪೂರ್ತಿ ಉಲ್ಟಾ. ಯಾಕೆ ಉಲ್ಟಾ ಅನ್ನೋದು ಈ ಪಾಠದ ವಿಷಯ.

ನಿಮ್ಮಲ್ಲಿ ಕೆಲವರು ಮುಂದೆ ನೀಟ್ ಬರೆದು ಬಿಡಿಎಸ್ ಸೇರಬಹುದು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಇರುವ ಆ ಕೋರ್ಸಿನ ಕೊನೆಯ ವರ್ಷದಲ್ಲಿ ಪೆರಿಯೊಡಾಂಟಾಲಜಿ ಎಂಬ ವಿಷಯ ಬರುತ್ತದೆ. ಹಲ್ಲಿನ ಸುತ್ತಲಿನ ಆಧಾರದ ಶಾಸ್ತ್ರ ಅದು. ಹೆಸರು ಕೇಳಿ ಹೆದರಬೇಡಿ. ಅದರ ಬುನಾದಿ ಇರುವುದು ನೀವು ಈಗ ಓದುತ್ತಿರುವ ಅಂಗಾಂಶ, ಸೂಕ್ಷ್ಮಜೀವಿ, ಲಾಲಾರಸ, ಶೇಕಡಾ ಲೆಕ್ಕ ಇವುಗಳಲ್ಲೇ.

ಮೊದಲು ಹಲ್ಲು ನಿಂತಿರುವ ಬಗೆ ತಿಳಿಯಬೇಕು. ದನ ಕಟ್ಟುವ ಗೂಟ ನೆಲದಲ್ಲಿ ನಿಂತ ಹಾಗೆ ಹಲ್ಲು ದವಡೆಯ ಮೂಳೆಯಲ್ಲಿ ನಿಂತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ಒಂದು ನಾರಿನ ಪದರ ಇದೆ. ಹೊರಸಿನ ಹಗ್ಗ ಚೌಕಟ್ಟಿಗೆ ಬಿಗಿದಂತೆ ಈ ನಾರುಗಳು ಬೇರನ್ನು ಮೂಳೆಗೆ ಬಿಗಿದು ಹಿಡಿದಿರುತ್ತವೆ. ಕಟಕ್ ರೊಟ್ಟಿ ಕಡಿದಾಗಿನ ಪೆಟ್ಟನ್ನು ತಾಳುವುದು ಈ ಹೊರಸೇ. ಹೀಗೆ ಆಧಾರ ಅಂದರೆ ನಾಲ್ಕು ಅಂಗಾಂಶ: ವಸಡು, ಈ ನಾರಿನ ಪದರ, ಬೇರಿನ ಮೇಲಿನ ಸಿಮೆಂಟಮ್, ದವಡೆಯ ಮೂಳೆ. ಪರೀಕ್ಷೆಯಲ್ಲಿ ನಾಲ್ಕನ್ನೂ ಬರೆಯಬೇಕು. ಬಹಳ ಮಂದಿ ಸಿಮೆಂಟಮ್ ಮರೆತು ಒಂದು ಅಂಕ ಕಳಕೊಳ್ತಾರೆ.

ವಸಡಿನ ಅಂಚು ಹಲ್ಲಿಗೆ ಪೂರ್ತಿ ಅಂಟಿಕೊಂಡಿಲ್ಲ. ಅಂಗಿಯ ಕಾಲರಿನ ಹಾಗೆ ಸ್ವಲ್ಪ ಬಿಡಿಯಾಗಿದೆ. ಆರೋಗ್ಯವಂತರಲ್ಲಿ ಈ ಸಂದು 1ರಿಂದ 3 ಮಿ.ಮೀ. ಆಳ. ಇಡೀ ಕಥೆ ನಡೆಯುವುದು ಇಲ್ಲೇ.

ಹನ್ನೆರಡು ಮಂದಿ ಬ್ರಷ್ ಬಿಟ್ಟರು

ಹಲ್ಲಿನ ಮೇಲೆ ಕೂಡುವ ಬಿಳಿ ಮೆತ್ತನೆಯ ಪದಾರ್ಥವನ್ನು ಹಾಲೆಂಡಿನ ಆಂಟನಿ ವಾನ್ ಲೀವೆನ್‌ಹುಕ್ 1683ರಲ್ಲೇ ತನ್ನ ಮಸೂರದ ಕೆಳಗೆ ಇಟ್ಟು ನೋಡಿ, ಅದರಲ್ಲಿ ಸಣ್ಣ ಜೀವಿಗಳು ಓಡಾಡುವುದನ್ನು ಬರೆದಿಟ್ಟಿದ್ದ. ಇಂದು ಅದಕ್ಕೆ ಪ್ಲಾಕ್ ಅಂತೀವಿ, ಕನ್ನಡದಲ್ಲಿ ದಂತಪಾಚಿ. ಆದರೆ ಪಾಚಿ ಇದೆ, ವಸಡು ಕೆಂಪಾಗಿದೆ ಅಂದ ಮಾತ್ರಕ್ಕೆ ಪಾಚಿಯಿಂದಲೇ ಕೆಂಪಾಯಿತು ಅಂತ ಹೇಳಲು ಬರುವುದಿಲ್ಲ. ಎರಡೂ ಒಟ್ಟಿಗೆ ಕಾಣುವುದು ಬೇರೆ, ಒಂದರಿಂದ ಇನ್ನೊಂದು ಆಗುವುದು ಬೇರೆ. ಇದನ್ನು ತೀರ್ಮಾನಿಸಲು ಪ್ರಯೋಗವೇ ಬೇಕು.

ಆ ಪ್ರಯೋಗದ ವರದಿ 1965ರಲ್ಲಿ ಬಂತು. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ವಸಡು ಚೆನ್ನಾಗಿದ್ದ 12 ಮಂದಿಯನ್ನು ಆರಿಸಿಕೊಂಡರು. ಅವರಲ್ಲಿ 9 ಮಂದಿ ದಂತ ವೈದ್ಯಕೀಯದ ಮೊದಲ ವರ್ಷದ ವಿದ್ಯಾರ್ಥಿಗಳು! ಎಲ್ಲರಿಗೂ ಹೇಳಿದ್ದು ಇಷ್ಟೇ: ಹಲ್ಲುಜ್ಜುವುದು ಪೂರ್ತಿ ಬಿಟ್ಟುಬಿಡಿ. 10ರಿಂದ 21 ದಿನಗಳೊಳಗೆ ಹನ್ನೆರಡೂ ಮಂದಿಯ ವಸಡು ಊದಿ ಕೆಂಪಾಯಿತು. ಪಾಚಿಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದಾಗ ಮೊದಲು ಗುಂಡಗಿನ ಬ್ಯಾಕ್ಟೀರಿಯಾ, ಆಮೇಲೆ ನೂಲಿನಂಥವು, ಕೊನೆಗೆ ಸ್ಪ್ರಿಂಗಿನಂತೆ ತಿರುಚಿಕೊಂಡವು ಬಂದವು. ಅಂದ್ರೆ ಊರಿನ ಜನಸಂಖ್ಯೆಯೇ ಬದಲಾಯಿತು. ಆಮೇಲೆ ಮತ್ತೆ ಹಲ್ಲುಜ್ಜಲು ಹೇಳಿದರು. ಸುಮಾರು ಒಂದು ವಾರದಲ್ಲಿ ಎಲ್ಲರ ವಸಡೂ ಮೊದಲಿನಂತಾಯಿತು.

ಇದರ ಅಂದ ಎಲ್ಲಿದೆ ನೋಡ್ರಿ. ಪ್ರತಿಯೊಬ್ಬರೂ ತಮಗೆ ತಾವೇ ಹೋಲಿಕೆ. ಕಾರಣವನ್ನು ಕೂಡಿಸಿದಾಗ ರೋಗ ಬಂತು, ಕಾರಣವನ್ನು ತೆಗೆದಾಗ ರೋಗ ಹೋಯಿತು. ಹಾಗಾದರೆ ರಕ್ತ ಬರುವುದು ಬ್ರಷ್ ಚುಚ್ಚಿದ್ದಕ್ಕಲ್ಲ. ಪಾಚಿಯ ವಿರುದ್ಧ ಹೋರಾಡಲು ರಕ್ತನಾಳಗಳು ಹಿಗ್ಗಿ, ಸಂದಿನ ಒಳಮೈ ತೆಳುವಾಗಿದೆ. ಬ್ರಷ್ ತಗುಲಿದ್ದು ನೆಪ. ಎರಡು ದಿನ ಬ್ರಷ್ ಬಿಟ್ಟರೆ ಪಾಚಿ ದಪ್ಪವಾಗುತ್ತದೆ, ಮೂರನೆಯ ದಿನ ಇನ್ನೂ ಹೆಚ್ಚು ರಕ್ತ. "ನೋಡಿದ್ಯಾ, ಬ್ರಷ್ ಹಿಡಿದ್ರೇ ರಕ್ತ" ಅಂತ ಮತ್ತೆ ಬಿಡುತ್ತೇವೆ. ಇಷ್ಟು ಮಾತ್ರದ ರೋಗಕ್ಕೆ ಹೆಸರು ಜಿಂಜಿವೈಟಿಸ್, ಅಂದರೆ ವಸಡಿನ ಉರಿಯೂತ. ಮೂಳೆಗೆ ಇನ್ನೂ ಏನೂ ಆಗಿಲ್ಲ, ಪೂರ್ತಿ ವಾಸಿಯಾಗುವ ಹಂತ.

(ಒಂದು ಎಚ್ಚರಿಕೆ: ಬ್ರಷ್ ಮುಟ್ಟದಿದ್ದರೂ ತಾನಾಗಿ ರಕ್ತ ಬರುವುದು, ಜ್ವರದ ಜೊತೆ ಬರುವುದು, ಮೈಮೇಲೆ ಕೆಂಪು ಚುಕ್ಕೆ ಏಳುವುದು ಇದ್ದರೆ ಅದು ಬೇರೆ ಕಾಯಿಲೆಯಿರಬಹುದು. ಅದೇ ದಿನ ಡಾಕ್ಟರರ ಹತ್ತಿರ ಹೋಗಬೇಕು.)

ಪಾಚಿ ಕಲ್ಲಾಗುವುದು

ನಮ್ಮ ಕಡೆಯ ಬೋರಿನ ನೀರು ಕಾಸಿದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಬಾಯಲ್ಲೂ ಹಾಗೇ. ಲಾಲಾರಸದಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಪಾಚಿಯೊಳಗೆ ಇಳಿದು ಅದನ್ನು ಗಟ್ಟಿ ಮಾಡುತ್ತವೆ. ಇದೇ ಕಿಟ್ಟ. ಹಂಡೆಯಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲಿನ ಮೇಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್, ಅಷ್ಟೇ ವ್ಯತ್ಯಾಸ. ಕನ್ನಡಿ ಹಿಡಿದು ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ, ಅಂದರೆ ನಾಲಿಗೆಯ ಬದಿಯನ್ನು ನೋಡಿಕೊಳ್ಳಿ. ಕಿಟ್ಟ ಹೆಚ್ಚು ಕಟ್ಟುವುದು ಅಲ್ಲೇ. ಕಾರಣ, ನಾಲಿಗೆಯ ಕೆಳಗೆ ಲಾಲಾಗ್ರಂಥಿಯ ನಾಳ ತೆರೆಯುತ್ತದೆ. ಇನ್ನೊಂದು ಜಾಗ ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿ. ಅಲ್ಲಿ ಕಿವಿಯ ಮುಂದಿನ ಪೆರೋಟಿಡ್ ಗ್ರಂಥಿಯ ನಾಳದ ಬಾಯಿ ಇದೆ. ಪುಸ್ತಕದಲ್ಲಿ ಲಾಲಾಗ್ರಂಥಿಯ ಚಿತ್ರ ಬರೆದವರು ಇನ್ನೊಮ್ಮೆ ಆ ಚಿತ್ರ ನೋಡಿ, ಈಗ ಅರ್ಥ ಬರುತ್ತದೆ. ಕಿಟ್ಟವನ್ನು ಬ್ರಷ್ಷಿನಿಂದ ತೆಗೆಯಲು ಆಗುವುದಿಲ್ಲ. ಅದರ ಒರಟು ಮೈಮೇಲೆ ಹೊಸ ಪಾಚಿ ಆರಾಮಾಗಿ ಕೂಡುತ್ತದೆ.

ಉರಿಯೂತ ಹಾಗೇ ಮುಂದುವರಿದರೆ ಕೆಲವರಲ್ಲಿ ಸಂದು ಆಳವಾಗಿ ಜೇಬಿನಂತಾಗುತ್ತದೆ. ಆಳಕ್ಕೆ ಹೋದಷ್ಟೂ ಆಮ್ಲಜನಕ ಕಡಿಮೆ, ಹಾಗಾಗಿ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳಿಗೆ ಅದು ತವರುಮನೆ. ಪಾರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಅಂಥವುಗಳಲ್ಲಿ ಹೆಸರಾದದ್ದು. ನಮ್ಮ ಬಿಳಿ ರಕ್ತಕಣಗಳು ಹೋರಾಟಕ್ಕೆ ಇಳಿಯುತ್ತವೆ. ಸೋಜಿಗವೇನೆಂದರೆ, ಮೂಳೆಯನ್ನು ಕರಗಿಸುವುದು ನಮ್ಮವೇ ಜೀವಕೋಶಗಳು. ಬೆಂಕಿ ಹತ್ತಿದ ಬಣವಿಯಿಂದ ಪಕ್ಕದ ಮೇವನ್ನು ದೂರ ಸರಿಸುವ ಹಾಗೆ, ಸೋಂಕಿನಿಂದ ದೇಹ ಮೂಳೆಯನ್ನು ಹಿಂದಕ್ಕೆ ಸರಿಸುತ್ತದೆ. ಇದೇ ಪೆರಿಯೊಡಾಂಟೈಟಿಸ್. ನೋವು ಬಹಳ ಸಲ ಇರುವುದೇ ಇಲ್ಲ. ಹಲ್ಲು ಅಲ್ಲಾಡುವಾಗಲೇ ಗೊತ್ತಾಗುವುದು, ಆಗ "ವಯಸ್ಸಾಯ್ತು ಬಿಡು" ಅಂತೀವಿ. ವಯಸ್ಸು ಹಲ್ಲನ್ನು ಬೀಳಿಸುವುದಿಲ್ಲ. ಎಷ್ಟೋ ವರ್ಷ ಸದ್ದಿಲ್ಲದೆ ನಡೆದ ಈ ರೋಗ ಬೀಳಿಸುತ್ತದೆ.

ಎಲ್ಲ ಜಿಂಜಿವೈಟಿಸೂ ಪೆರಿಯೊಡಾಂಟೈಟಿಸ್ ಆಗುತ್ತದೆಯೇ? ಇದಕ್ಕೂ ಲೋ ಅವರ ತಂಡವೇ ಉತ್ತರ ಹುಡುಕಿತು. ಶ್ರೀಲಂಕಾದ ಚಹಾ ತೋಟಗಳ 480 ಗಂಡು ಕೂಲಿಕಾರರನ್ನು 1970ರಿಂದ 1985ರವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಆ ಜನರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ದಂತವೈದ್ಯರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಕಿಟ್ಟ, ಊದಿದ ವಸಡು. ಆದರೂ ಶೇ. 8ರಷ್ಟು ಜನರಲ್ಲಿ ರೋಗ ಬೇಗ ಬೇಗ ಏರಿತು, ಶೇ. 81ರಷ್ಟು ಜನರಲ್ಲಿ ಮಧ್ಯಮ ಗತಿ, ಶೇ. 11ರಷ್ಟು ಜನರಲ್ಲಿ ಜಿಂಜಿವೈಟಿಸಿಗಿಂತ ಮುಂದೆ ಹೋಗಲೇ ಇಲ್ಲ. 480ಕ್ಕೆ ಲೆಕ್ಕ ಹಾಕಿ: ಸುಮಾರು 38, 389, 53. ಪಾಚಿ ಬೇಕೇ ಬೇಕು, ಆದರೆ ಅದೊಂದೇ ಸಾಲದು; ದೇಹದ ಪ್ರತಿಕ್ರಿಯೆಯೂ ಸೇರಬೇಕು. ತಂಬಾಕು ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಈ ಪ್ರತಿಕ್ರಿಯೆಯನ್ನು ಕೆಡಿಸುತ್ತವೆ. (ಆ ಕೂಲಿಕಾರರನ್ನು ಹದಿನೈದು ವರ್ಷ ಬರೀ ನೋಡುತ್ತ ಹೋದದ್ದು ನ್ಯಾಯವೇ? ನನಗಂತೂ ಈ ಭಾಗ ಓದುವಾಗ ಮನಸ್ಸಿಗೆ ಸರಿ ಬರುವುದಿಲ್ಲ. ತರಗತಿಯಲ್ಲಿ ಚರ್ಚಿಸಿ.)

ಅಳತೆ ಮತ್ತು ಲೆಕ್ಕ

ಬಿಡಿಎಸ್ ಮೌಖಿಕ ಪರೀಕ್ಷೆಯಲ್ಲಿ ಜನ ತಡವರಿಸುವುದು ಇಲ್ಲಿ, ಆದರೆ ಇದು ಏಳನೆಯ ತರಗತಿಯ ಕೂಡಿಸು-ಕಳೆ. ವೈದ್ಯರು ಮಿ.ಮೀ. ಗುರುತುಗಳಿರುವ ಪ್ರೋಬ್ ಎಂಬ ತೆಳು ಕಡ್ಡಿಯನ್ನು ಸಂದಿನೊಳಗೆ ಮೆಲ್ಲಗೆ ಇಳಿಸಿ ಆಳ ನೋಡುತ್ತಾರೆ. ಆದರೆ ಆಳ ಒಂದೇ ನೋಡಿದರೆ ಮೋಸ ಹೋಗುತ್ತೀರಿ. ಎನಾಮೆಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ ಅಳೆಯಬೇಕು, ಯಾಕಂದ್ರೆ ಆ ಗೆರೆ ಅಲುಗುವುದಿಲ್ಲ. ವಸಡಿನ ಅಂಚು ಮೇಲೆ ಕೆಳಗೆ ಆಗುತ್ತದೆ.

ಒಬ್ಬ ಹುಡುಗನ ವಸಡು ಊದಿ ಗೆರೆಯನ್ನು 4 ಮಿ.ಮೀ. ಮುಚ್ಚಿದೆ, ಪ್ರೋಬ್ 4 ಮಿ.ಮೀ. ಇಳಿಯಿತು. ನಷ್ಟ 4 − 4 = 0. ಇದು ಸುಳ್ಳು ಜೇಬು, ಊತ ಇಳಿದರೆ ಮಾಯ. ಅವನ ಮುತ್ಯಾನ ವಸಡು ಗೆರೆಯಿಂದ 4 ಮಿ.ಮೀ. ಬೇರಿನ ಕಡೆಗೆ ಸರಿದಿದೆ, ಪ್ರೋಬ್ 3 ಮಿ.ಮೀ. ಮಾತ್ರ ಇಳಿಯಿತು. ನಷ್ಟ 4 + 3 = 7. ಆಳ ನೋಡಿದರೆ ಮುತ್ಯಾನೇ ಆರೋಗ್ಯವಂತ! ಲೆಕ್ಕ ಬೇರೆಯೇ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಹೊಸ ವರ್ಗೀಕರಣದಲ್ಲಿ ಹಲ್ಲುಗಳ ನಡುವಿನ ಈ ನಷ್ಟ 1–2 ಮಿ.ಮೀ. ಇದ್ದರೆ ಮೊದಲ ಹಂತ, 3–4 ಇದ್ದರೆ ಎರಡನೆಯದು, 5 ಅಥವಾ ಹೆಚ್ಚಿದ್ದರೆ ಮೂರು ಅಥವಾ ನಾಲ್ಕನೆಯದು.

ಅದರಲ್ಲೇ ವೇಗದ ಲೆಕ್ಕವೂ ಇದೆ. ಎಕ್ಸ್‌ರೇಯಲ್ಲಿ ಕಂಡ ಮೂಳೆ ನಷ್ಟದ ಶೇಕಡಾವನ್ನು ವಯಸ್ಸಿನಿಂದ ಭಾಗಿಸಿ. 0.25ಕ್ಕಿಂತ ಕಡಿಮೆ ಬಂದರೆ ನಿಧಾನ, 1ರವರೆಗೆ ಮಧ್ಯಮ, 1ಕ್ಕಿಂತ ಹೆಚ್ಚಾದರೆ ವೇಗ. ಶೇ. 45 ಮೂಳೆ ಹೋದ 60 ವರ್ಷದವರಿಗೆ 0.75, ಅಷ್ಟೇ ಮೂಳೆ ಹೋದ 30 ವರ್ಷದವರಿಗೆ 1.5. ಎಕ್ಸ್‌ರೇ ಒಂದೇ ಥರ, ರೋಗ ಒಂದೇ ಥರ ಅಲ್ಲ.

ಚಿಕಿತ್ಸೆ, ಮತ್ತು ಮನೆಯ ಮಾತುಗಳು

ಚಿಕಿತ್ಸೆಯ ಮೊದಲ ಮೆಟ್ಟಿಲು ಸರಿಯಾಗಿ ಉಜ್ಜುವುದನ್ನು ಕಲಿಸುವುದು. ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣಗೆ ಅಲುಗಿಸಬೇಕು, ಪಾತ್ರೆ ತಿಕ್ಕಿದ ಹಾಗೆ ಅಲ್ಲ. ಆಮೇಲೆ ಸ್ಕೇಲಿಂಗ್: ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ತುದಿಯಿಂದ, ನೀರು ಚಿಮ್ಮಿಸುತ್ತ ಕಿಟ್ಟ ಬಿಡಿಸುತ್ತಾರೆ. ಜೇಬಿನೊಳಗಿನ ಬೇರನ್ನೂ ಸ್ವಚ್ಛ ಮಾಡುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಅಳೆದು, ಜೇಬು ಆಳವಾಗಿಯೇ ಉಳಿದಿದ್ದರೆ ವಸಡನ್ನು ಬಿಡಿಸಿ ಮಾಡುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ. ಮಾತ್ರೆ ನುಂಗಿ ಕೂತರೆ ಆಗದೇ? ಆಗದು. ಪಾಚಿಯ ಬ್ಯಾಕ್ಟೀರಿಯಾ ಅಂಟಿನ ಪದರದೊಳಗೆ ಕೂತಿರುತ್ತವೆ, ಔಷಧ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರವ ಸ್ವಲ್ಪ ದಿನಕ್ಕೆ ಒಳ್ಳೆಯದು, ಬಹಳ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ.

"ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತಾವ" ಅನ್ನುವ ಮಾತು ನಿಮ್ಮ ಮನೆಯಲ್ಲೂ ಇರಬಹುದು. ಅದರ ಹಿಂದೆ ಒಂದು ನಿಜವಾದ ಅನುಭವ ಇದೆ. ಮೂಳೆ ಹೋದ ಹಲ್ಲುಗಳನ್ನು ಕಿಟ್ಟವೇ ಗಾರೆಯಂತೆ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ, ಮೊದಲೇ ಇದ್ದ ಸಂದಿ ಕಣ್ಣಿಗೆ ಬೀಳುತ್ತದೆ. ಗೋಡೆ ಬಿರುಕು ಬಿಟ್ಟಿದ್ದು ಸುಣ್ಣ ಕೆರೆದವನಿಂದಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮನೆಗಳಲ್ಲಿ ಮಿಶ್ರಿಯ ವಿಷಯ ಬಿಡಲು ಬರುವುದಿಲ್ಲ. ತಂಬಾಕನ್ನು ಹಂಚಿನ ಮೇಲೆ ಕರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಹಲ್ಲುನೋವಿಗೆ ಅಂತ ಶುರುವಾಗಿ ಬಿಡಲಾಗದ ಚಟವಾಗುತ್ತದೆ. ಅದರ ಹೆಸರು ಹಲ್ಲುಪುಡಿ ಆದರೂ ಪದಾರ್ಥ ತಂಬಾಕೇ: ವಸಡು ಸರಿಯುತ್ತದೆ, ಬಾಯಿ ಕ್ಯಾನ್ಸರಿನ ಅಪಾಯವೂ ಇದೆ. ಬೀಡಿ ಸೇದುವವರಲ್ಲಿ ಇನ್ನೊಂದು ತೊಡಕು. ಅವರ ವಸಡಿನಲ್ಲಿ ರಕ್ತ ಬರುವುದೇ ಕಡಿಮೆ, ಹಾಗಾಗಿ ಒಳಗೆ ಮೂಳೆ ಹೋಗುತ್ತಿದ್ದರೂ ಮೇಲೆ ಸೂಚನೆ ಸಿಗುವುದಿಲ್ಲ. ಆಯಿಗೆ ಇದನ್ನೆಲ್ಲ ಹೇಳುವಾಗ ಬೈಯುವ ದನಿ ಬೇಡ. ಅವಳಿಗೆ ಯಾರೂ ಮಿ.ಮೀ. ಲೆಕ್ಕ ತೋರಿಸಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ದಂತ ವಿಭಾಗ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಪ್ರೋಬ್ ಇಳಿಸಿದಾಗ ಸಂಖ್ಯೆ ನೀವೇ ಬರೆದುಕೊಳ್ಳಿ.

ಅಭ್ಯಾಸಕ್ಕೆ: 40 ವರ್ಷದ ಒಬ್ಬರಿಗೆ ಹಲ್ಲುಗಳ ನಡುವೆ ವಸಡು ಗೆರೆಯಿಂದ 2 ಮಿ.ಮೀ. ಬೇರಿನ ಕಡೆಗೆ ಸರಿದಿದೆ, ಪ್ರೋಬ್ 2 ಮಿ.ಮೀ. ಇಳಿಯುತ್ತದೆ, ಎಕ್ಸ್‌ರೇಯಲ್ಲಿ ಶೇ. 20 ಮೂಳೆ ನಷ್ಟ. ಆಧಾರದ ನಷ್ಟ ಎಷ್ಟು, ಯಾವ ಹಂತ, ಗತಿ ಯಾವುದು? ಬಿಡಿಸಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.