ಕೊಲ್ಲಿ ದೇಶದಿಂದ ಎರಿ ಹೊಲಕ್ಕೆ: ತಿರುಗಿ ಬಂದ ಕುಟುಂಬಕ್ಕೆ ಮೊದಲ ಮೂರು ವರ್ಷದ ಪಾಠ

ದುಡಿಯಲು ಊರು ಬಿಡುವದು ನಮ್ಮ ಸೀಮಿಗೆ ಹೊಸದಲ್ಲ. ಮಳಿ ಕೈಕೊಟ್ಟ ವರ್ಷ ಗೋವಾ, ಮಂಗಳೂರು, ಬೆಂಗಳೂರು ಅಂತ ಗುಳೇ ಹೋದವರು ಹಿಂಗಾರಿ ಸುಗ್ಗಿಗೆ ತಿರುಗಿ ಬರತಾರ. ಅವರು ಬಂದರೆ ಮನಿಯಾಗ ಜಾಗಾ ಮಾಡಬೇಕಾಗುವದಿಲ್ಲ, ಅವರ ಜಾಗಾ ಅಲ್ಲೇ ಇರತೈತಿ. ಆದರೆ ಹತ್ತು-ಹದಿನೈದು ವರ್ಷ ಪರದೇಶದಾಗ ಇದ್ದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಮ್ಮೆಲೇ ಬಂದು ಇಳಿದವರ ಮಾತು ಬ್ಯಾರೆ. ಹೋಗುವಾಗ ಪಾಸ್‌ಪೋರ್ಟ್, ವೀಸಾ, ಏಜಂಟ ಎಲ್ಲಾರೂ ದಾರಿ ತೋರಸ್ತಾರ. ಬರುವ ದಾರಿ ಯಾರೂ ಹೇಳಿಕೊಡುವದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಒಣಬೇಸಾಯದ ಮನಿಗಳಿಗೆ ಉಪಯೋಗವಾದೀತು ಎಂದು, ನಮ್ಮ ಮನಿಯಲ್ಲಿ ನಡೆದದ್ದನ್ನೇ ಲೆಕ್ಕ ಸಹಿತ ಬರೆಯುತ್ತೇನೆ.

ಬರುವದು ಯಾಕೆ?

ನನ್ನ ತಮ್ಮ ಹುಬ್ಬಳ್ಳಿಯಲ್ಲಿ ಯಂತ್ರದ ಕೆಲಸ ಕಲಿತು 2006ರಲ್ಲಿ ಸೌದಿ ಅರೇಬಿಯಾದ ದಮ್ಮಾಮಿಗೆ ಹೋದ. ಮಣ್ಣು ಅಗೆಯುವ ದೊಡ್ಡ ಯಂತ್ರ ನಡೆಸುವದು, ರಿಪೇರಿ ಮಾಡುವದು ಅವನ ಕೆಲಸ. ಮುಂದೆ ಹೆಂಡತಿಯನ್ನೂ ಕರೆದುಕೊಂಡ. ಮಕ್ಕಳಿಬ್ಬರೂ ಅಲ್ಲೇ ಬೆಳೆದರು.

1 ಜುಲೈ 2017ರಿಂದ ಸೌದಿ ಸರ್ಕಾರ ಪರದೇಶದ ಕೆಲಸಗಾರನ ಜೋಡಿ ಇರುವ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು 2018ರಲ್ಲಿ 200, 2019ರಲ್ಲಿ 300, 2020ರಲ್ಲಿ 400 ಆಗುವದೆಂದು ಮೊದಲೇ ಹೇಳಿತ್ತು. ಹೆಂಡತಿ, ಇಬ್ಬರು ಮಕ್ಕಳು ಅಂದರೆ 2019ರಲ್ಲಿ ತಿಂಗಳಿಗೆ 900 ರಿಯಾಲ್. ಆಗ ಒಂದು ರಿಯಾಲಿಗೆ ಸುಮಾರು 18-19 ರೂಪಾಯಿ. ಅಂದರೆ ಬರೇ ಇರುವದಕ್ಕೇ ತಿಂಗಳಿಗೆ 16-17 ಸಾವಿರ ರೂಪಾಯಿ. ಮನಿ ಬಾಡಿಗಿ, ಸಾಲಿ ಫೀ ಬ್ಯಾರೆ. ಆ ವರ್ಷಗಳಲ್ಲಿ ಹಿಂದುಸ್ತಾನದ ಬಹಳ ಕುಟುಂಬಗಳು ಇದೇ ಕಾರಣಕ್ಕೆ ಗಂಟು ಕಟ್ಟಿದವು. ನನ್ನ ತಮ್ಮನೂ 2019ರ ಮೇ ತಿಂಗಳಲ್ಲಿ ಎಲ್ಲರನ್ನೂ ಕರೆದುಕೊಂಡು ಬಂದುಬಿಟ್ಟ.

ಹಿಂದೆಯೂ ಹೀಗಾಗಿದೆ. 1990ರಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಾಗ 1,70,000ಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ತಂದರು. 2020ರ ಕೊರೊನಾ ಕಾಲದಲ್ಲಿ ಮೇ 7ರಿಂದ ವಂದೇ ಭಾರತ್ ವಿಮಾನಗಳು ನಡೆದವು. ಕೊಲ್ಲಿ ದೇಶದಲ್ಲಿ ಇರುವ ಹಕ್ಕು ನೌಕರಿಗೆ ಗಂಟು ಹಾಕಿದ್ದು. ನೌಕರಿ ಮುಗಿದರೆ ಹೊರಡಬೇಕು. ಆದ್ದರಿಂದ ಹೋದವ ಒಂದಿಲ್ಲೊಂದು ದಿನ ಬರುವವನೇ ಎಂದು ಊರಲ್ಲಿ ಉಳಿದವರು ತಿಳಿದುಕೊಂಡೇ ಇರಬೇಕು.

ಮೊದಲನೆಯ ಪಾಠ: ಉತಾರ ನೋಡಿರಿ

ನಮ್ಮ ತಂದೆಯವರು 2008ರಲ್ಲಿ ತೀರಿಕೊಂಡರು. 14 ಎಕರೆ ಹೊಲ. ವಾರಸಾ ಆಗಿ ಎಲ್ಲರ ಹೆಸರೂ ಉತಾರದಲ್ಲಿ ಒಟ್ಟಿಗೆ ಬಂದಿದ್ದವು, ವಾಟ್ನಿ ಆಗಿರಲಿಲ್ಲ. ಇಂಥ ಮನಿಗಳೇ ನಮ್ಮಲ್ಲಿ ಹೆಚ್ಚು. ಹೀಗಾಗಿ ಈ ನಾಲ್ಕು ಸಂಗತಿ ಗೊತ್ತಿರಲಿ.

ಒಂದು, ಪರದೇಶದಲ್ಲಿ ವಾಸಿಸುವ ಭಾರತೀಯನು ಇಲ್ಲಿ ಸಾಗುವಳಿ ಜಮೀನು ಕೊಳ್ಳಲು ವಿದೇಶಿ ವಿನಿಮಯದ ಕಾಯ್ದೆಯಲ್ಲಿ ಅನುಮತಿ ಇಲ್ಲ. ದಾನಪತ್ರದಿಂದಲೂ ಪಡೆಯಲು ಬರುವದಿಲ್ಲ. ವಾರಸಾ ಹಕ್ಕಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ರೈತರಲ್ಲದವರೂ ಹೊಲ ಕೊಳ್ಳಬಹುದು ಎಂದಾದ ಮೇಲೆ ಬಹಳ ಮಂದಿ ಈ ಎರಡೂ ಕಾಯ್ದೆ ಕಲಸಿ ಮಾತಾಡುತ್ತಾರೆ. ಅದು ರಾಜ್ಯದ ಕಾಯ್ದೆ, ಇದು ಕೇಂದ್ರದ್ದು. ಕಾಯಂ ನೆಲೆಸಲು ತಿರುಗಿ ಬಂದ ಭಾರತದ ನಾಗರಿಕನಿಗೆ ಈ ತೊಡಕಿಲ್ಲ. ಕೊಳ್ಳುವದಿದ್ದರೆ ಬಂದ ಮೇಲೆ ಕೊಳ್ಳಲಿ.

ಎರಡು, ಹೆಣ್ಣುಮಕ್ಕಳು. 2005ರ ಹಿಂದೂ ವಾರಸಾ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು. ಅಣ್ಣ-ತಮ್ಮ ಇಬ್ಬರೇ ಕುಳಿತು ಬರೆದ ವಾಟ್ನಿ ನಾಳೆ ಕೋರ್ಟಿನಲ್ಲಿ ನಿಲ್ಲುವದಿಲ್ಲ. ನಮ್ಮ ಅಕ್ಕ ತನ್ನ ಹಕ್ಕು ಬಿಟ್ಟು ಪತ್ರ ಬರೆದುಕೊಟ್ಟಳು. ತಂಗಿ, "ನನ್ನ ಹೆಸರಿಲೆ ಎರಡು ಎಕರೆ ಇರ್ಲಿ ಅಣ್ಣಾ. ನೀವೇ ಉಳ್ರಿ, ವರ್ಷಾ ಜ್ವಾಳ ಕಳಸ್ರಿ" ಅಂದಳು. ಹಾಗೇ ಆಯಿತು. 6, 6, 2.

ಮೂರು, ಹೊಲ ತುಂಡು ಮಾಡುವಾಗ 11ಇ ನಕಾಶೆ ಆಗಬೇಕು. ಸರ್ವೇ ಸಾಹೇಬರು ಬಂದು ಅಳೆದು ಹದ್ದಿನ ಕಲ್ಲು ತೋರಿಸುವತನಕ ಸಮಯ ಹಿಡಿಯುತ್ತದೆ. ಬರುವ ಆರು ತಿಂಗಳ ಮೊದಲೇ ಅರ್ಜಿ ಕೊಟ್ಟರೆ ಮಿರಗಕ್ಕೆ ಬಿತ್ತಲು ಹದ್ದು ಗೊತ್ತಿರುತ್ತದೆ.

ನಾಲ್ಕು, ಲಾವಣಿ. ನಮ್ಮ ರಾಜ್ಯದಲ್ಲಿ 1 ಮಾರ್ಚ್ 1974ರಿಂದ ಗೇಣಿ ಪದ್ಧತಿ ರದ್ದಾಗಿದೆ. ಊರಲ್ಲಿ ನಡೆಯುವ ಲಾವಣಿ, ಕೋರಪಾಲು ಎಲ್ಲಾ ಬಾಯಿಮಾತಿನವು. ಬಾಯಿಮಾತಿಗೆ ಸಾಕ್ಷಿ ಅಂದರೆ ನಂಬಿಗಿ ಒಂದೇ.

ಎರಡನೆಯ ಪಾಠ: ಲೆಕ್ಕದ ನೋಟಬುಕ್

ಮನಿ ಒಡೆಯುವದು ಹೊಲದಿಂದಲ್ಲ, ಲೆಕ್ಕದಿಂದ. ನಾನು ಏಳನೇತ್ತೆ ಓದಿದವ. ಆದರೂ ತಮ್ಮ ಮೊದಲ ರೊಕ್ಕ ಕಳಿಸಿದ ದಿನದಿಂದ ಒಂದು ನೋಟಬುಕ್ಕಿನಲ್ಲಿ ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು ಬರೆಯುತ್ತ ಬಂದಿದ್ದೆ. 13 ವರ್ಷದಲ್ಲಿ ಅವನಿಂದ ಬಂದದ್ದು 11,40,000 ರೂಪಾಯಿ. ತಂದೆಯವರ ದವಾಖಾನಿ, ಕ್ರಿಯಾಕರ್ಮ, ಮುಂದೆ ಅವ್ವನ ಔಷಧ ಸೇರಿ 3,10,000. ಮನಿ ಕಟ್ಟಿಸಲು 2,60,000. ತಂಗಿಯ ಮದುವಿ 1,80,000. ಉಳಿದ 3,90,000 ಎತ್ತು, ಬೀಜ, ಗೊಬ್ಬರ, ಸೊಸೈಟಿ ಸಾಲಕ್ಕೆ.

ತಮ್ಮ ನೋಟಬುಕ್ ನೋಡಿ ಒಂದೇ ಪ್ರಶ್ನೆ ಕೇಳಿದ: "ಅಣ್ಣಾ, ಹೊಲಕ್ಕ ಸುಮಾರು ನಾಕು ಲಕ್ಷ ಹೋತು. 13 ವರ್ಷದ ಪೀಕು ಎಲ್ಲಿ?"

ಪೀಕು ಎಲ್ಲಿ ಅಂದರೆ, ಆರು ಮಂದಿಯ ಹೊಟ್ಟಿಯಲ್ಲಿ. 2011, 2012, 2015, 2016 ಬರದ ವರ್ಷಗಳು. ನನ್ನ ಮತ್ತು ನನ್ನ ಹೆಂಡತಿಯ ದುಡಿಮೆಗೆ ದಿನಗೂಲಿ ಹಿಡಿದರೆ ಎಷ್ಟಾದೀತು ಎಂದು ನಾನೂ ಕೇಳಿದೆ. ನಾಲ್ಕು ತಿಂಗಳು ಒಂದೇ ಸೂರಿನಡಿ ಇದ್ದು ನಾವಿಬ್ಬರು ಮಾತಾಡಲಿಲ್ಲ. ನೆಗೆಣ್ಣಿಯರಿಬ್ಬರು ಮಾತ್ರ ಒಂದೇ ಒಲಿಯ ಮುಂದೆ ರೊಟ್ಟಿ ಬಡಿಯುವದನ್ನು ಬಿಡಲಿಲ್ಲ. ಮನಿ ಉಳಿದದ್ದು ಅದರಿಂದ.

ಕಡಿಗೆ ಊರ ಹಿರಿಯರೊಬ್ಬರು ಕುಳಿತು ಹೇಳಿದರು: "ಅಂವನ ರೊಕ್ಕದ ಬಡ್ಡಿ, ನಿನ್ನ ಮೈಬೆವರು, ಎರಡೂ ಅಲ್ಲಿಗಲ್ಲಿಗೆ. ಈಗ ಕಣ್ಣಿಗೆ ಕಾಣೋದನ್ನಷ್ಟ ಹಂಚಕೊಳ್ರಿ." ಹೊಸಾ ಎರಡು ಖೋಲಿ ತಮ್ಮನಿಗೆ, ಎತ್ತು-ಚಕ್ಕಡಿ ನನಗೆ. ಇಬ್ಬರಿಗೂ ಪೂರ್ತಿ ಸಮಾಧಾನ ಆಯಿತೆಂದು ಬರೆದರೆ ಸುಳ್ಳಾದೀತು. ಆದರೆ ಲೆಕ್ಕ ಬರಹದಲ್ಲಿ ಇದ್ದದ್ದಕ್ಕೆ ಅನುಮಾನ ಬೆಳೆಯಲಿಲ್ಲ. ರೊಕ್ಕ ಕಳಿಸುವವರೂ ಒಂದು ಮಾತು ತಿಳಿಯಬೇಕು. ಕಳಿಸುವಾಗಲೇ ಇದು ಮನಿಗೆ, ಇದು ಹೊಲಕ್ಕೆ, ಇದು ನನ್ನ ಗಂಟಿಗೆ ಎಂದು ಹೇಳಿ ಕಳಿಸಿರಿ.

ಮೂರನೆಯ ಪಾಠ: ಎರಡು ವರ್ಷದ ಹಿಟ್ಟು ತೆಗೆದಿಡಿರಿ

ಆರು ಎಕರೆ ಎರಿಯಿಂದ ಏನು ಬರುತ್ತದೆ? ಮುಂಗಾರಿಗೆ ಹೆಸರು, ಅದು ಕಿತ್ತ ಮೇಲೆ ಹಿಂಗಾರಿಗೆ ಕಡಲಿ. ಎರಡೂ ಕೈಗೆ ಹತ್ತಿದ ಚಲೋ ವರ್ಷ ಎಂದು ಹಿಡಿಯೋಣ. ಹೆಸರು ಎಕರೆಗೆ 3 ಕ್ವಿಂಟಲ್, ಒಟ್ಟು 18. 2019-20ರ ಬೆಂಬಲ ಬೆಲೆ 7,050ರಂತೆ 1,26,900. ಕಡಲಿ ಎಕರೆಗೆ 5, ಒಟ್ಟು 30. ಆ ಹಂಗಾಮಿನ ಬೆಂಬಲ ಬೆಲೆ 4,875ರಂತೆ 1,46,250. ಎರಡೂ ಕೂಡಿ 2,73,150. ಎಕರೆಗೆ ಬೆಳಿಗೊಂದಕ್ಕೆ 8,000 ಖರ್ಚು ಹಿಡಿದರೆ 96,000 ಹೋಗಿ ಉಳಿಯುವದು 1,77,150. ತಿಂಗಳಿಗೆ 15 ಸಾವಿರವೂ ಇಲ್ಲ. ಇದು ಚಲೋ ವರ್ಷದ ಮಾತು.

ತಮ್ಮನ ಮೊದಲ ವರ್ಷ ಚಲೋ ವರ್ಷ ಆಗಲಿಲ್ಲ. 2019ರ ಆಗಸ್ಟದಲ್ಲಿ ಬೆಣ್ಣಿಹಳ್ಳ ದಂಡಿ ಮೀರಿ ಬಂತು. ಕಾಯಿ ಮಾಗಿ ನಿಂತ ಹೆಸರು ನೀರಿನಲ್ಲಿ ಕೊಳೆತುಹೋಯಿತು. ಸೌದಿಯಲ್ಲಿ ತಿಂಗಳಾ ತಿಂಗಳಾ ಪಗಾರ ಎಣಿಸಿದ ಮನುಷ್ಯ ಬದುವಿನ ಮ್ಯಾಲೆ ನಿಂತು ಒಂದು ತಾಸು ಸುಮ್ಮನೇ ನೋಡಿದ. ರೈತನಿಗೆ ಪಗಾರ ವರ್ಷಕ್ಕೆ ಎರಡು ಸಲ, ಅದೂ ಕೊಟ್ಟರೆ ಉಂಟು.

ಅವನ ಕೈಯಲ್ಲಿ 9 ಲಕ್ಷ ಉಳಿದಿತ್ತು. ನನ್ನ ಸಲಹೆಯಂತೆ ತಿಂಗಳಿಗೆ 15,000ದಂತೆ 24 ತಿಂಗಳ 3,60,000 ಬ್ಯಾಂಕಿನಲ್ಲಿ ಬ್ಯಾರೆ ಇಟ್ಟ. ಅದನ್ನು ಹೊಲಕ್ಕೂ ಮುಟ್ಟುವ ಹಾಗಿಲ್ಲ, ಮನಿಗೂ ಇಲ್ಲ. ಪರದೇಶದಿಂದ ಬಂದವನು ಎನ್.ಆರ್.ಇ. ಖಾತೆಯನ್ನು ಹಾಗೇ ನಡೆಸಲು ಬರುವದಿಲ್ಲ. ಬ್ಯಾಂಕಿಗೆ ತಿಳಿಸಿ ಇಲ್ಲಿಯ ನಿವಾಸಿಯ ಖಾತೆ ಮಾಡಿಸಿಕೊಳ್ಳಬೇಕು. ಹಾಗೆಯೇ ಫ್ರೂಟ್ಸ್ ಐಡಿ ಮಾಡಿಸಿರಿ. ಅದಿಲ್ಲದೇ ರೈತ ಸಂಪರ್ಕ ಕೇಂದ್ರದಲ್ಲಿ ಯಾವ ಸವಲತ್ತೂ ಸಿಗುವದಿಲ್ಲ.

ನಾಲ್ಕನೆಯ ಪಾಠ: ಬೋರ್ ಕೊರೆಯುವ ಮೊದಲು ನೀರು ಪರೀಕ್ಷೆ

ರೊಕ್ಕ ಇದ್ದವನ ಮನಿಗೆ ಬೋರಿನವರು ತಾವಾಗಿ ಬರುತ್ತಾರೆ. ತಮ್ಮನಿಗೂ ಆಸೆ ಹುಟ್ಟಿತು. ನವಲಗುಂದ-ಅಣ್ಣಿಗೇರಿ ಎರಿ ಸೀಮಿಯಲ್ಲಿ ಭೂಮಿಯ ಒಳಗಿನ ನೀರು ಬಹಳ ಕಡೆ ಸವಳು. ನಮ್ಮ ಹಿರಿಯರು ಕೆರಿ ನೀರು ಕುಡಿದದ್ದು ಅದಕ್ಕೇ. ಸವಳು ನೀರು ಬಿಟ್ಟರೆ ಎರಡು-ಮೂರು ವರ್ಷ ಬೆಳಿ ಬರುತ್ತದೆ, ಆಮೇಲೆ ಮಣ್ಣು ಹೆಪ್ಪುಗಟ್ಟಿ ನೀರು ಇಂಗುವದೇ ನಿಲ್ಲುತ್ತದೆ. ಆಳವಾದ ಎರಿಗೆ ಈ ರೋಗ ಹತ್ತಿದರೆ ಮಕ್ಕಳ ಕಾಲಕ್ಕೂ ಹೋಗುವದಿಲ್ಲ.

ಮಗ್ಗಲ ಹೊಲದ ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿದೆವು. ಇ.ಸಿ. ಎಂಬ ಅಂಕಿ 2 ದಾಟಿದರೆ ಆಳ ಎರಿಗೆ ಬಿಡುವದು ಅಪಾಯ. ಇದರಲ್ಲಿ 4ರ ಹತ್ತಿರ ಬಂತು. ಬೋರಿನ ಮಾತು ಅಲ್ಲಿಗೆ ಮುಗಿಯಿತು.

ಅದರ ಬದಲು ಕೃಷಿ ಹೊಂಡ ತೆಗೆದೆವು. 100 ಅಡಿ ಉದ್ದ, 100 ಅಡಿ ಅಗಲ, 12 ಅಡಿ ಆಳ. ದಂಡಿಯನ್ನು ಇಳಿಜಾರು ಇಟ್ಟು ಕಡಿದರೆ ಇದರಲ್ಲಿ ಸುಮಾರು 26 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಬದು ಸೇರಿ 12 ಗುಂಟೆ ಜಾಗಾ ಹೋಯಿತು. 2020ರ ಮಾರ್ಚದಲ್ಲಿ ಲಾಕ್‌ಡೌನ್ ಆಗುವ ಮೊದಲೇ ಬಾಡಿಗಿ ಯಂತ್ರದಲ್ಲಿ ತಮ್ಮನೇ ಕುಳಿತು ಕಡಿದ. 45 ತಾಸು, ತಾಸಿಗೆ 1,900ರಂತೆ 85,500 ರೂಪಾಯಿ. ಆಳವಾದ ಕರಿ ಎರಿಯಲ್ಲಿ ಪ್ಲಾಸ್ಟಿಕ್ ಹಾಳಿ ಬೇಕಿಲ್ಲ, ನೀರು ನಿಲ್ಲುತ್ತದೆ. ಕಲಘಟಗಿ ಕಡೆಯ ಕೆಂಪು ಮಣ್ಣಿಗೆ ಈ ಮಾತು ಹೊಂದುವದಿಲ್ಲ.

ಒಂದು ಎಕರೆಗೆ ಎರಡು ಇಂಚು ನೀರು ಕೊಡಲು ಸುಮಾರು 2 ಲಕ್ಷ ಲೀಟರ್ ಬೇಕು. ಬಿಸಿಲಿಗೆ ಅರ್ಧ ಆರಿಹೋದರೂ ಆರು ಎಕರೆ ಕಡಲಿಗೆ ಹೂವಿನ ಮೊದಲು ಒಂದು ಸಲ ನೀರು ಸಿಗುತ್ತದೆ. ಆ ಒಂದು ನೀರು ನಮ್ಮಲ್ಲಿ ಎಕರೆಗೆ ಎರಡು ಕ್ವಿಂಟಲ್ ಹೆಚ್ಚು ಕೊಟ್ಟಿದೆ. ಆದರೆ ಹೊಂಡ ಮಳಿಯ ಮಗನೇ ಹೊರತು ತಂದೆಯಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾದವು. ಆ ವರ್ಷ ಹೊಂಡದ ತಳ ಅಷ್ಟೇ ತುಂಬಿ ಎರಡೇ ಎಕರೆಗೆ ನೀರಾಯಿತು.

ಐದನೆಯ ಪಾಠ: ಕಲಿತ ಕಸಬು ಬಿಡಬಾರದು

ತಿರುಗಿ ಬಂದವರು ಇನ್ನು ಬರೇ ಒಕ್ಕಲುತನ ಎಂದು ಹಟ ಹಿಡಿಯುತ್ತಾರೆ. ಮ್ಯಾಲಿನ ಲೆಕ್ಕ ನೋಡಿದರೆ ಅದು ಸಾಗುವದಿಲ್ಲ. ತಮ್ಮ ಟ್ರ್ಯಾಕ್ಟರ್ ಕೊಳ್ಳಲು ಹೊರಟಿದ್ದ. ಆರು ಎಕರೆಗೆ ಟ್ರ್ಯಾಕ್ಟರ್ ಅಂದರೆ ಕಂತು ಅದನ್ನು ತಿನ್ನುತ್ತದೆ, ಅದು ಹೊಲ ತಿನ್ನುತ್ತದೆ. ಅದರ ಬದಲು ಮಂದಿಯ ಟ್ರ್ಯಾಕ್ಟರ್ ರಿಪೇರಿ ಮಾಡುವ ಅಂಗಡಿ ಹಾಕಿದ. ಸಾಮಾನಿಗೆ 1,40,000 ಹಿಡಿಯಿತು. ಹೆಸರು ಬಿಡಿಸುವಾಗ, ಕಡಲಿ ರಾಶಿಯ ಹೊತ್ತಿನಲ್ಲಿ ಅಂಗಡಿ ಮುಚ್ಚಿ ಹೊಲಕ್ಕೆ ಬರುತ್ತಾನೆ. ಉಳಿದ ದಿನ ಅಂಗಡಿಯೇ ಮನಿ ನಡೆಸುತ್ತದೆ.

ಮಕ್ಕಳ ಮಾತು

ದೊಡ್ಡ ಮಗಳು ಬಂದಾಗ ಆರನೇತ್ತೆಗೆ ಹೋಗಬೇಕಿತ್ತು. ಮಾತಿಗೆ ಕನ್ನಡ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ 2015ರ ಕಾಯ್ದೆಯಂತೆ ಶಾಲೆಗಳಲ್ಲಿ ಕನ್ನಡ ಕಲಿಯಲೇಬೇಕು. ತನಗಿಂತ ಸಣ್ಣ ಹುಡುಗರ ಜೋಡಿ ಕುಳಿತು ಅ, ಆ ತಿದ್ದಲು ಆ ಕೂಸಿಗೆ ನಾಚಿಕೆ. ಅವ್ವ ದಿನಾ ಸಂಜೀ ತನಗೆ ಪುರಾಣ ಓದಿ ಹೇಳೆಂದು ಅವಳನ್ನೇ ಕೂಡಿಸಿಕೊಂಡಳು. ಅವ್ವನಿಗೆ ಓದು ಬರುವದಿಲ್ಲ, ಹೀಗಾಗಿ ತಪ್ಪು ಹಿಡಿಯುವವರು ಯಾರೂ ಇಲ್ಲ. ಒಂದು ವರ್ಷದಲ್ಲಿ ಓದು ಸರಳ ಆಯಿತು. ಪರದೇಶದಲ್ಲಿ ಇರುವವರಿಗೆ ಹೇಳುವದಿಷ್ಟೇ: ಬರುವ ವಿಚಾರ ಇರಲಿ ಬಿಡಲಿ, ಮಕ್ಕಳಿಗೆ ಕನ್ನಡದ ಅಕ್ಷರ ಅಲ್ಲೇ ಕಲಿಸಿರಿ. ಶಾಲೆ ಬಿಟ್ಟ ದಾಖಲೆ, ಜನನ ದಾಖಲೆ ಅಲ್ಲಿಂದಲೇ ಸರಿಯಾಗಿ ಮಾಡಿಸಿ ತರಬೇಕು. ಇಲ್ಲಿಂದ ಪತ್ರ ಬರೆದು ತರಿಸುವದು ಬಹಳ ತ್ರಾಸು.

ನಾದಿನಿಯ ಕಷ್ಟ ಗಂಡಸರ ಕಣ್ಣಿಗೆ ತಡವಾಗಿ ಬೀಳುತ್ತದೆ. ನಳದಲ್ಲಿ ದಿನಾ ನೀರು ಬರುತ್ತಿದ್ದ ಮನಿಯಿಂದ ಬಂದವಳು ಇಲ್ಲಿ ನೀರು ಬಂದ ದಿನ ನೋಡಿ ಕೊಡ ತುಂಬಬೇಕು. ಅವಳಿಗೆ ಇಲ್ಲಿ ತನ್ನದೆನ್ನುವ ಒಂದು ಕೆಲಸ ಬೇಕಿತ್ತು. ಈಗ ಸಂಜೀ ಊರ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳುತ್ತಾಳೆ.

ಮೂರು ವರ್ಷ ತಡೀರಿ

ಎಂಥ ಹೊಲ ಎಂದು ತಿಳಿಯಲು ಒಂದು ಅತಿ ಮಳಿ, ಒಂದು ಬರ, ಒಂದು ಹದ ಮಳಿ ನೋಡಬೇಕು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಬಂದ ಕುಟುಂಬಕ್ಕೂ ಅದೇ ಅಳತಿ. ಮೊದಲ ಮೂರು ವರ್ಷ ಹೊಲ ಮಾರಬಾರದು, ಹೊಸಾ ಹೊಲ ಕೊಳ್ಳಬಾರದು, ದೊಡ್ಡ ಮನಿ ಕಟ್ಟಬಾರದು, ತಿರುಗಿ ಹೋಗುವ ನಿರ್ಧಾರವನ್ನೂ ಮಾಡಬಾರದು. ತಮ್ಮ 2021ರಲ್ಲಿ ಒಮ್ಮೆ ಹೊರಟು ನಿಂತಿದ್ದ. ಆ ವರ್ಷದ ಕಡಲಿ ರಾಶಿ ನೋಡಿ ಹೋಗೋಣ ಎಂದು ತಡೆದ, ಆಮೇಲೆ ಹೋಗಲಿಲ್ಲ. ನಾಳೆ ಹೋದರೂ ಹೊಲದ ಹದ್ದು ಗೊತ್ತೈತಿ, ಲೆಕ್ಕ ಬರಹದಾಗ ಐತಿ, ಹೊಂಡ ಅಲ್ಲೇ ಇರತೈತಿ. ನಿಮ್ಮ ಮನಿಯವರು ಯಾರಾದರೂ ಪರದೇಶದಲ್ಲಿದ್ದರೆ ಈ ತಿಂಗಳು ಒಂದು ಉತಾರ ತೆಗೆಸಿರಿ, ಒಂದು ನೋಟಬುಕ್ ತರಿಸಿರಿ.