ಉಲ್ಲೇಖಗಳ ಡ್ಯಾಶ್‌ಬೋರ್ಡ್: ಮಾಡಬೇಕಾದ್ದು, ಮಾಡಬಾರದ್ದು

ಒಂದು ವಿಭಾಗದ, ಪ್ರಯೋಗಾಲಯದ ಅಥವಾ ಯೋಜನೆಯ ಸಂಶೋಧನಾ ಪ್ರಬಂಧಗಳನ್ನು ಗುಂಪು ಮಾಡಿ, ಅವನ್ನು ಯಾರು ಎಲ್ಲಿ ಉಲ್ಲೇಖಿಸಿದ್ದಾರೆಂದು ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟುವವರಿಗೆ ಈ ಸೂಚನೆ. ಅದನ್ನು ನೋಡಿ ನೇಮಕ, ಬಡ್ತಿ, ಅನುದಾನ ತೀರ್ಮಾನಿಸುವವರೂ ತಪ್ಪದೆ ಓದಬೇಕು. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ಹಿಂದಿನ ವಾರ ತರಾತುರಿಯಲ್ಲಿ ಕಟ್ಟುವ ಕೆಲಸ ಇದಲ್ಲ.

ಮಾಡಬೇಕಾದ್ದು

ಮೊದಲು ಗುಂಪನ್ನು ಬರವಣಿಗೆಯಲ್ಲಿ ನಿಗದಿ ಮಾಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಬಿಟ್ಟುಹೋದ ಅಧ್ಯಾಪಕರ ಪ್ರಬಂಧಗಳು ಸೇರುತ್ತವೆಯೇ ಇಲ್ಲವೇ ಎಂಬುದು ಅಂಕಿ ನೋಡುವ ಮೊದಲೇ ತೀರ್ಮಾನವಾಗಿರಬೇಕು. ಅಂಕಿ ನೋಡಿದ ಮೇಲೆ ಗುಂಪನ್ನು ಹಿಗ್ಗಿಸುವುದು, ಕುಗ್ಗಿಸುವುದು ವಂಚನೆ.

ಪ್ರಬಂಧಗಳನ್ನು ಅವುಗಳ ಖಾಯಂ ಗುರುತಾದ ಡಿಒಐ ಸಂಖ್ಯೆಯಿಂದ ಸೇರಿಸಿ, ಲೇಖಕರ ಹೆಸರು ಹುಡುಕಿ ಸೇರಿಸಬೇಡಿ. ನಮ್ಮ ಹೆಸರುಗಳ ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ. ವಿದೇಶಿ ಪತ್ರಿಕೆ ಅದನ್ನು ಒಮ್ಮೆ ಹಿಂದೆ, ಒಮ್ಮೆ ಮುಂದೆ, ಇನ್ನೊಮ್ಮೆ ಬಿಡಿಸಿ ಅಚ್ಚು ಹಾಕುತ್ತದೆ. ಹೀಗಾಗಿ ಒಬ್ಬರೇ ಮೂವರಾಗುತ್ತಾರೆ. ಅತ್ತ ‘ಎಸ್. ಕುಮಾರ್’ ಎಂಬ ಹತ್ತಾರು ಮಂದಿ ಒಬ್ಬರಾಗಿಬಿಡುತ್ತಾರೆ. 2012ರಿಂದ ಬಳಕೆಯಲ್ಲಿರುವ 16 ಅಂಕೆಯ ಆರ್ಕಿಡ್ ಗುರುತು ಹುಟ್ಟಿದ್ದೇ ಈ ಗೊಂದಲ ನೀಗಿಸಲು. ಪ್ರತಿಯೊಬ್ಬ ಸಂಶೋಧಕರೂ ಅದನ್ನು ಪಡೆದಿರಬೇಕು, ತಮ್ಮ ಪಟ್ಟಿಯನ್ನು ತಾವೇ ಪರಿಶೀಲಿಸಿ ಒಪ್ಪಿಗೆ ಕೊಡಬೇಕು.

ಪ್ರತಿ ಅಂಕಿಯ ಪಕ್ಕದಲ್ಲಿ ಮೂಲವನ್ನೂ ತಾರೀಕನ್ನೂ ಬರೆಯಿರಿ. ಒಂದೇ ಪ್ರಬಂಧಕ್ಕೆ ಸ್ಕೋಪಸ್ ಒಂದು ಲೆಕ್ಕ ಕೊಟ್ಟರೆ ಗೂಗಲ್ ಸ್ಕಾಲರ್ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದನ್ನು ಕೊಡುತ್ತದೆ, ಏಕೆಂದರೆ ಅದು ಪ್ರೌಢಪ್ರಬಂಧ, ವರದಿ, ಕರಡುಗಳನ್ನೂ ಎಣಿಸುತ್ತದೆ. ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಎಣಿಸುವುದು ಪ್ರಕಾಶಕರು ತನಗೆ ಸಲ್ಲಿಸಿದ ಉಲ್ಲೇಖ ಪಟ್ಟಿಗಳನ್ನು ಮಾತ್ರ. ಎರಡು ಮೂಲಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ಸ್ಕೋಪಸ್‌ನಂಥ ಸೂಚಿಗಳಿಗೆ ಚಂದಾ ಕಟ್ಟಲಾಗದ ಕಾಲೇಜುಗಳು 2022ರಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಬಳಸಲಿ. ಅದರ ದತ್ತಾಂಶ ಎಲ್ಲರಿಗೂ ಮುಕ್ತ.

ಗುಂಪಿನ ಲೆಕ್ಕ ಹೆಚ್ಚಾಗಿ ಕೆಡುವ ಜಾಗ ಇದು, ನಿಧಾನವಾಗಿ ನೋಡಿ. ಒಂದು ಪ್ರಬಂಧವನ್ನು 40 ಲೇಖನಗಳು, ಇನ್ನೊಂದನ್ನು 30 ಲೇಖನಗಳು ಉಲ್ಲೇಖಿಸಿವೆ ಎನ್ನಿ. ಅವುಗಳಲ್ಲಿ 12 ಲೇಖನಗಳು ಎರಡನ್ನೂ ಉಲ್ಲೇಖಿಸಿದ್ದರೆ, ಉಲ್ಲೇಖಗಳು 70, ಉಲ್ಲೇಖಿಸಿದ ಲೇಖನಗಳು 58. ಎರಡೂ ಸರಿಯಾದ ಉತ್ತರಗಳೇ, ಆದರೆ ಬೇರೆ ಬೇರೆ ಪ್ರಶ್ನೆಗಳಿಗೆ. ಎರಡನ್ನೂ ತೋರಿಸಿ, ಯಾವುದು ಯಾವುದೆಂದು ಹೆಸರಿಸಿ. ಇಬ್ಬರು ಸಹೋದ್ಯೋಗಿಗಳು ಕೂಡಿ ಬರೆದ ಪ್ರಬಂಧ ವಿಭಾಗದ ಮೊತ್ತದಲ್ಲಿ ಒಂದೇ ಸಲ ಬರಬೇಕು. ಆರ್ಕೈವ್ ತಾಣದಲ್ಲಿರುವ ಕರಡನ್ನೂ ಪತ್ರಿಕೆಯಲ್ಲಿ ಅಚ್ಚಾದ ರೂಪವನ್ನೂ ಒಂದೇ ಕೃತಿಯಾಗಿ ಜೋಡಿಸಿ. ಸ್ವಂತ ಉಲ್ಲೇಖಗಳನ್ನು ಬಚ್ಚಿಡದೆ ಪ್ರತ್ಯೇಕ ಕಾಲಮಿನಲ್ಲಿ ಕೊಡಿ.

ಹಿಂತೆಗೆದುಕೊಂಡ ಪ್ರಬಂಧಗಳಿಗೆ ಕಣ್ಣಿಗೆ ಬೀಳುವ ಗುರುತು ಹಾಕಿ. ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ವಿಜ್ಞಾನಕ್ಕೆ ಉಲ್ಲೇಖ ಸೂಚಿ ಬೇಕೆಂದು ವಾದಿಸಿದಾಗ ಕೊಟ್ಟ ಮುಖ್ಯ ಕಾರಣಗಳಲ್ಲೊಂದು, ಸುಳ್ಳಾದ, ಅರೆಬರೆಯಾದ, ಹಳಸಿದ ಮಾಹಿತಿಯನ್ನು ಜನ ಕಣ್ಣುಮುಚ್ಚಿ ಉಲ್ಲೇಖಿಸುವುದು ತಪ್ಪಲಿ ಎಂಬುದು. ಎಂಎಂಆರ್ ಲಸಿಕೆಯನ್ನು ಆಟಿಸಂ ಜೊತೆ ತಳುಕು ಹಾಕಿದ 1998ರ ವೇಕ್‌ಫೀಲ್ಡ್ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದರ ಉಲ್ಲೇಖಗಳು ಆಮೇಲೂ ಬೆಳೆದವು, ಅದನ್ನು ತಪ್ಪೆಂದು ತೋರಿಸಲು ಬರೆದವೂ ಆ ಲೆಕ್ಕಕ್ಕೇ ಸೇರುತ್ತವೆ. ಹಿಂತೆಗೆದುಕೊಂಡ ಪ್ರಬಂಧಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್‌ನ ದತ್ತಾಂಶವನ್ನು ಕ್ರಾಸ್‌ರೆಫ್ 2023ರಲ್ಲಿ ಕೊಂಡು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದೆ. ಅದರೊಡನೆ ನಿಮ್ಮ ಪಟ್ಟಿಯನ್ನು ಆಗಾಗ ತಾಳೆ ನೋಡಿ.

ಮಾಡಬಾರದ್ದು

ಸದಸ್ಯರ ಎಚ್-ಇಂಡೆಕ್ಸ್‌ಗಳನ್ನು (ತಲಾ ಕನಿಷ್ಠ 10 ಉಲ್ಲೇಖ ಪಡೆದ 10 ಪ್ರಬಂಧಗಳಿದ್ದರೆ 10, ಹೀಗೆ) ಕೂಡಬೇಡಿ. ಎಲ್ಲವನ್ನೂ ಜೊತೆಯಾಗಿ ಬರೆದ ಇಬ್ಬರಿಗೆ ತಲಾ 10 ಇದ್ದರೆ ಅವರ ಗುಂಪಿನದೂ 10, 20 ಅಲ್ಲ. ಸರಾಸರಿಯೊಂದನ್ನೇ ನಂಬಬೇಡಿ. ಹೆಸರಾದ ಒಂದೇ ಪ್ರಬಂಧ ಇಡೀ ವಿಭಾಗವನ್ನು ಎತ್ತಿ ತೋರಿಸಬಲ್ಲದು. ಮಧ್ಯಾಂಕವನ್ನೂ ಜೊತೆಗೆ ಕೊಡಿ.

ಗಣಿತ ವಿಭಾಗವನ್ನು ಜೀವವೈದ್ಯಕೀಯದ ಪಕ್ಕ ನಿಲ್ಲಿಸಬೇಡಿ. ಕಳೆದ ವರ್ಷದ ಪ್ರಬಂಧವನ್ನು ಹತ್ತು ವರ್ಷ ಹಳೆಯದರ ಜೊತೆ ಹೋಲಿಸಬೇಡಿ.

ಗೂಗಲ್ ಸ್ಕಾಲರ್ ಪುಟಗಳಿಂದ ಪ್ರೋಗ್ರಾಂ ಬರೆದು ಅಂಕಿ ಸೆಳೆಯಬೇಡಿ. ಅಲ್ಲಿನ ಅಂಕಿಗಳನ್ನು ಉಬ್ಬಿಸುವುದೂ ಸುಲಭ. ಕಂಪ್ಯೂಟರ್ ವಿಜ್ಞಾನಿ ಸಿರಿಲ್ ಲಾಬೆ 2010ರಲ್ಲಿ ಐಕ್ ಅಂಟ್ಕಾರೆ ಎಂಬ ಇಲ್ಲದ ಲೇಖಕನನ್ನು ಸೃಷ್ಟಿಸಿ, ಯಂತ್ರ ಬರೆದ ಅರ್ಥಹೀನ ಪ್ರಬಂಧಗಳಿಂದಲೇ ಅವನನ್ನು ಆ ತಾಣದ ಲೆಕ್ಕದಲ್ಲಿ ಮಹಾ ವಿಜ್ಞಾನಿಯನ್ನಾಗಿ ಮಾಡಿ ತೋರಿಸಿದರು.

ಕನ್ನಡ, ಇತಿಹಾಸ, ಶಾಸನಶಾಸ್ತ್ರ, ಜಾನಪದ ವಿಭಾಗಗಳ ಎದುರು ‘0’ ಎಂದು ಯಾವ ಕಾರಣಕ್ಕೂ ಹಾಕಬೇಡಿ. ಈ ಅನ್ಯಾಯ ಇಂದೇ ನಿಲ್ಲಬೇಕು. ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯಲ್ಲಿ ಬಂದ ಲೇಖನವನ್ನು ಮುಂದಿನ ವಿದ್ವಾಂಸರು ತಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ನೆನೆದಿರುತ್ತಾರೆ. ಆ ಪುಸ್ತಕಕ್ಕೆ ಡಿಒಐ ಇರುವುದಿಲ್ಲ, ಅಡಿಟಿಪ್ಪಣಿ ಯಾವ ಸೂಚಿಯನ್ನೂ ಸೇರಿರುವುದಿಲ್ಲ. ಯಂತ್ರ ನೋಡದಿದ್ದುದನ್ನು ಜಗತ್ತು ಓದಿಲ್ಲವೆಂದು ಸಾರುವ ಹಕ್ಕು ನಮಗಿಲ್ಲ. ‘ಈ ಮೂಲದಲ್ಲಿ ದಾಖಲೆಯಿಲ್ಲ’ ಎಂದು ಬರೆಯಿರಿ, ಗ್ರಂಥಪಾಲಕರು ಕೈಯಾರೆ ಕಲೆಹಾಕಿದ ಪಟ್ಟಿಯನ್ನು ಪ್ರತ್ಯೇಕವಾಗಿ ಲಗತ್ತಿಸಿ. ಸ್ಥಳೀಯವಾಗಿ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕೆಂಬುದು ಸಂಶೋಧನೆಯನ್ನು ಅಳೆಯುವ ಬಗೆ ಕುರಿತ 2015ರ ಲೈಡನ್ ಪ್ರಣಾಳಿಕೆಯ ಹತ್ತು ತತ್ವಗಳಲ್ಲೊಂದು.

ಮನುಷ್ಯರನ್ನು ಕೆಂಪು, ಹಸಿರು ಬಣ್ಣದಲ್ಲಿ ಶ್ರೇಣಿ ಮಾಡಬೇಡಿ. ಉಲ್ಲೇಖಗಳ ಎಣಿಕೆ ಮಹತ್ವದ ಅಳತೆಯಲ್ಲ. ಆಲಿವರ್ ಲೌರಿ 1951ರಲ್ಲಿ ಬರೆದ, ಪ್ರೋಟೀನ್ ಅಳೆಯುವ ವಿಧಾನದ ಪ್ರಬಂಧ 3 ಲಕ್ಷಕ್ಕೂ ಹೆಚ್ಚು ಉಲ್ಲೇಖ ಗಳಿಸಿದೆ. ಡಿಎನ್‌ಎ ರಚನೆ ತಿಳಿಸಿದ 1953ರ ಪ್ರಬಂಧ 2014ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ, ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿಯಲ್ಲೇ ಇರಲಿಲ್ಲ. ಬಡ್ತಿ ಸಮಿತಿಯವರು ಅಂಕಿಯ ಮೇಲೆ ಕ್ಲಿಕ್ ಮಾಡಿ ಅದರಡಿಯ ಪ್ರಬಂಧಗಳನ್ನು ಓದಲಿ. ಹಾಗೆ ತೆರೆಯಲಾಗದ ಅಂಕಿ ಡ್ಯಾಶ್‌ಬೋರ್ಡಿನಲ್ಲಿ ಇರಕೂಡದು.

ತಪ್ಪು ಕಂಡರೆ ಪರದೆಯ ಮೇಲಿನ ಅಂಕಿಯನ್ನು ತಿದ್ದಬೇಡಿ. ಮೂಲಕ್ಕೆ, ಅಂದರೆ ಪ್ರಕಾಶಕರಿಗೋ ಸೂಚಿ ನಡೆಸುವವರಿಗೋ ತಿದ್ದುಪಡಿ ಕಳಿಸಿ. ಅದು ಬರುವವರೆಗೆ ಆ ಸಾಲಿನ ಪಕ್ಕ ‘ಪರಿಶೀಲನೆಯಲ್ಲಿದೆ’ ಎಂದು ಬರೆದು, ದೂರು ಕೊಟ್ಟ ತಾರೀಕು ನಮೂದಿಸಿ.